ನಷ್ಟದ ಬಾಬ್ತು ಯಾರ ಹೆಸರಿಗೆ?

ಕಾವೇರಿ ದಡದ ನಮ್ಮ ಮುಳ್ಳೂರಿನವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಚಾಮರಾಜನಗರಕ್ಕೋ ಮೈಸೂರಿಗೋ ಇನ್ನೊಂದು ಬಸ್ಸು ಹಿಡಿದು, ಆಮೇಲೆ ಸ್ಟೇಷನ್ನು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳಲ್ಲಿ ಒಂದು ಮೊಳ ಹಳಿ ಇಲ್ಲ. ಬೆಂಗಳೂರಿನ ಹತ್ತಿರದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾದು ಚಾಮರಾಜನಗರ ಸೇರುವ ಸುಮಾರು 142 ಕಿಲೋಮೀಟರ್ ಮಾರ್ಗಕ್ಕೆ 1996–97ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾತಿ ಸಿಕ್ಕಿತು. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಿವೆ, ರೈಲು ಬಂದಿಲ್ಲ. ‘ಬತ್ತದೆ ಬತ್ತದೆ ಅಂತ್ಲೇ ಕಾಲ ಕಳುದ್ವಿ ಕಣಪ್ಪ’ ಎಂದು ಹಿರಿಯರು ಹೇಳುವಾಗ ಅವರ ದನಿಯಲ್ಲಿ ಸಿಟ್ಟೂ ಉಳಿದಿಲ್ಲ. ನನಗೆ ಅದೇ ಹೆಚ್ಚು ನೋವು.

ಈ ಮಾತು ಎದ್ದಾಗಲೆಲ್ಲ ಕಟ್ಟೆಯ ಮೇಲೆ ಎರಡು ಪಕ್ಷ. ಸರ್ಕಾರದ ಕೈಲಿ ಆಗುವುದಿಲ್ಲ, ಖಾಸಗಿಯವರಿಗೆ ಕೊಟ್ಟರೆ ಮೂರು ವರ್ಷದಲ್ಲಿ ಮುಗಿಸುತ್ತಾರೆ ಎನ್ನುವುದು ಒಂದು. ಖಾಸಗಿಯವರಿಗೆ ಕೊಟ್ಟರೆ ನುಂಗಿ ನೀರು ಕುಡಿಯುತ್ತಾರೆ ಎನ್ನುವುದು ಇನ್ನೊಂದು. ನೂರೈವತ್ತು ವರ್ಷದ ಹಿಂದೆ ಇದೇ ವಾದ ಕಲ್ಕತ್ತೆಯಲ್ಲೂ ಲಂಡನ್ನಿನಲ್ಲೂ ನಡೆದಿತ್ತು. ಬ್ರಿಟಿಷರು ಎರಡನ್ನೂ ಮಾಡಿ ನೋಡಿದರು. ಖಾಸಗಿ ಕಂಪನಿಗಳಿಂದ ಕಟ್ಟಿಸಿದರು, ಸಾಲದೆಂದು ಸರ್ಕಾರವೇ ಕಟ್ಟಿತು, ಮತ್ತೆ ಕಂಪನಿಗಳ ಕಡೆಗೆ ತಿರುಗಿದರು. ಆ ಚರಿತ್ರೆಯನ್ನು ಓದಿದಷ್ಟೂ ನನಗೆ ಅನ್ನಿಸುವುದು, ಖಾಸಗಿಯೋ ಸರ್ಕಾರವೋ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಲೆಕ್ಕ ತಪ್ಪಿದಾಗ ನಷ್ಟವನ್ನು ಯಾರ ಹೆಸರಿಗೆ ಬರೆದಿದ್ದಾರೆ? ಕರಾರುಪತ್ರದಲ್ಲಿ ಆ ಒಂದು ಸಾಲು ಎಲ್ಲಿದೆ?

ಮೊದಲ ಕರಾರುಗಳಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಎರಡು ರೈಲು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಲ್ಕತ್ತೆಯ ಕಡೆಗೆ ಈಸ್ಟ್ ಇಂಡಿಯನ್ ರೈಲ್ವೆ, ಮುಂಬೈ ಕಡೆಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ. ಜಮೀನು ಪುಕ್ಕಟೆ, 99 ವರ್ಷದ ಅವಧಿ, ಹಾಕಿದ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿ ಖಾತರಿ. ರೈಲು ಓಡಲಿ ಬಿಡಲಿ, ಲಾಭ ಬರಲಿ ಬಾರದಿರಲಿ, ಲಂಡನ್ನಿನಲ್ಲಿ ಷೇರು ಕೊಂಡವನಿಗೆ ಆ ಬಡ್ಡಿ ಸಲ್ಲಲೇಬೇಕು. ಕಡಿಮೆ ಬಿದ್ದರೆ ಭಾರತದ ಬೊಕ್ಕಸದಿಂದ ತುಂಬಬೇಕು. ಆ ಬೊಕ್ಕಸಕ್ಕೆ ದುಡ್ಡು ಬರುತ್ತಿದ್ದದ್ದು ಮುಖ್ಯವಾಗಿ ಕಂದಾಯದಿಂದ. ರೈಲನ್ನು ಕಣ್ಣಿನಲ್ಲಿ ಕಾಣದ ರೈತನೂ ಅದರ ನಷ್ಟಕ್ಕೆ ಪಾಲುದಾರನಾದ. ಲಾಭಕ್ಕೆ ಅಲ್ಲ.

ಹೀಗಾದಾಗ ಖರ್ಚನ್ನು ಹಿಡಿತದಲ್ಲಿಡಬೇಕೆಂಬ ಆತುರ ಯಾರಿಗಿರುತ್ತದೆ? ಹೆಚ್ಚು ಖರ್ಚಾದರೆ ಹೆಚ್ಚು ಬಂಡವಾಳ, ಹೆಚ್ಚು ಬಂಡವಾಳಕ್ಕೆ ಹೆಚ್ಚು ಖಾತರಿ ಬಡ್ಡಿ. ಮೈಲಿಗೆ ಎಂಟು ಸಾವಿರ ಪೌಂಡಿನ ಆಸುಪಾಸಿನಲ್ಲಿ ಮುಗಿಯಬಹುದೆಂದು ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಎಣಿಸಿದ್ದ ಕೆಲಸ ಅದರ ಎರಡು ಪಟ್ಟನ್ನೂ ಮೀರಿ ಹೋಯಿತು. ಹಿಂದೆ ಭಾರತದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೆದುರು ಸಾಕ್ಷಿ ಹೇಳುವಾಗ, ಬಡ್ಡಿ ಖಾತರಿಯಿದ್ದ ಹೂಡಿಕೆದಾರನಿಗೆ ತನ್ನ ಹಣವನ್ನು ಹೂಗ್ಲಿ ನದಿಗೆ ಎಸೆದರೂ ಒಂದೇ, ಇಟ್ಟಿಗೆ ಗಾರೆ ಮಾಡಿದರೂ ಒಂದೇ ಎಂಬ ಅರ್ಥದ ಮಾತಾಡಿದರು. ಅವರು ಆಳುವವರ ಕಡೆಯವರೇ. ನಮ್ಮ ಮೈಸೂರು ಸೀಮೆಗೆ ಮೊದಲು ಬಂದ ಹಳಿಯೂ ಇದೇ ಬಗೆಯ ಖಾತರಿ ಕಂಪನಿಯದು. ಮದ್ರಾಸ್ ರೈಲ್ವೆ ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟಿಗೆ ತಂದ ಆ ಮಾರ್ಗ 1864ರ ಆಗಸ್ಟಿನಲ್ಲಿ ತೆರೆಯಿತು.

ಕಂಪನಿಗಳು ತಾವೇ ಹಾರೆ ಹಿಡಿಯುತ್ತಿರಲಿಲ್ಲ. ಟೆಂಡರ್ ಕರೆದು ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದವು. ಗುತ್ತಿಗೆಗೆ ಬರುತ್ತಿದ್ದವರು ಮೊದಲಿಗೆ ಹೆಚ್ಚಾಗಿ ಇಂಗ್ಲೆಂಡಿನವರು. ಅವರ ನಾಡಿನ ಮಣ್ಣು, ಮಳೆ, ಕೂಲಿಯ ಲೆಕ್ಕದ ಮೇಲೆ ಇಲ್ಲಿನ ಘಟ್ಟಕ್ಕೆ ದರ ಬರೆದರು. ಮುಂಬೈ–ಪುಣೆ ನಡುವಿನ ಭೋರ್ ಘಾಟ್ ಇದಕ್ಕೆ ದೊಡ್ಡ ಉದಾಹರಣೆ. ಇಪ್ಪತ್ತೈದು ಸುರಂಗ ಕೊರೆಯಬೇಕಾದ ಕೆಲಸ. ಮುಂಬೈ–ಠಾಣೆಯ ಮೊದಲ ಮಾರ್ಗವನ್ನು ಕಟ್ಟಿದ ವಿಲಿಯಂ ಫಾವಿಯೆಲ್ ಎಂಬಾತನಿಗೇ ಈ ಗುತ್ತಿಗೆಯೂ ಸಿಕ್ಕಿತು. 1859ರ ಜನವರಿಯಲ್ಲಿ ಅಲ್ಲಿ ದಂಗೆಯೆದ್ದಿತು. ಕಾರಣ ಬಾಕಿ ಕೂಲಿ. ಗುತ್ತಿಗೆದಾರನ ಕೆಳಗಿನ ಸಬ್ ಕಂಟ್ರಾಕ್ಟರುಗಳು ದುಡಿಸಿಕೊಂಡಿದ್ದರು, ಬಟವಾಡೆ ಮಾಡಿರಲಿಲ್ಲ. ಅದೇ ವರ್ಷ ಫಾವಿಯೆಲ್ ಕೆಲಸ ಬಿಟ್ಟು ಹೋದ. ಅವನ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಹಡಗಿನಿಂದಿಳಿದ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಗುತ್ತಿಗೆಯನ್ನು ಅವನ ಹೆಂಡತಿ ಆಲಿಸ್ ತನ್ನ ಹೆಸರಿಗೆ ತೆಗೆದುಕೊಂಡು, ಇಬ್ಬರು ಎಂಜಿನಿಯರುಗಳ ಕೈಯಲ್ಲಿ ಕೆಲಸ ನಡೆಸಿ 1863ರಲ್ಲಿ ಮುಗಿಸಿದಳು. ಆ ಹೆಣ್ಣುಮಗಳ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ. ಅಲ್ಲಿ ಒಂದು ಕಾಲದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕಾಲರಾ, ಜ್ವರ, ಸಿಡಿಮದ್ದಿಗೆ ಸಿಕ್ಕು ಸತ್ತವರ ಹೆಸರುಗಳನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಮಣ್ಣಿನ ಕೆಲಸವನ್ನು ಹೇಗೆ ಅಳೆಯುತ್ತಿದ್ದರೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಷ್ಟ ಮೇಲಿನಿಂದ ಕೆಳಕ್ಕೆ ಇಳಿಯುವ ದಾರಿ ಅಲ್ಲೇ ಕಾಣಿಸುವುದು. ರೈಲಿನ ಏರಿಗೆ ಬೇಕಾದ ಮಣ್ಣನ್ನು ಅದರ ಪಕ್ಕದಲ್ಲೇ ಗುಂಡಿ ತೋಡಿ ತೆಗೆಯುತ್ತಾರೆ. ಏರಿಯ ಮೇಲೆ ಸುರಿದ ಮಣ್ಣು ಸಡಿಲವಾಗಿ ಉಬ್ಬಿರುತ್ತದೆ. ಅದನ್ನು ಅಳೆದರೆ ಲೆಕ್ಕ ಸರಿಬರುವುದಿಲ್ಲ. ಅದಕ್ಕೇ ಗುಂಡಿಯನ್ನು ಅಳೆಯುತ್ತಾರೆ. ಗುಂಡಿಯ ನಡುವೆ ಅಲ್ಲಲ್ಲಿ ಮಣ್ಣಿನ ಒಂದೊಂದು ಗುಪ್ಪೆಯನ್ನು ಅಗೆಯದೆ ಹಾಗೇ ಬಿಡುತ್ತಾರೆ, ತಲೆಯ ಮೇಲೆ ಹುಲ್ಲೂ ಹಾಗೇ ಇರುತ್ತದೆ. ಮೊದಲು ನೆಲ ಎಷ್ಟು ಎತ್ತರವಿತ್ತು ಎಂಬುದಕ್ಕೆ ಆ ಗುಪ್ಪೆಯೇ ಸಾಕ್ಷಿ. ಓವರ್‌ಸಿಯರ್ ಬಂದು ಟೇಪು ಹಿಡಿದು, ಉದ್ದ ಅಗಲ ಆಳ ಗುಣಿಸಿ, ಅಳತೆ ಪುಸ್ತಕದಲ್ಲಿ ಘನ ಅಡಿ ಬರೆಯುತ್ತಾನೆ. ಆ ಅಂಕಿಯ ಮೇಲೆ ಗುತ್ತಿಗೆದಾರನ ಬಿಲ್ಲು, ಅದರಲ್ಲಿ ಒಂದಂಶ ಮೇಸ್ತ್ರಿಗೆ, ಮೇಸ್ತ್ರಿಯಿಂದ ಗುದ್ದಲಿ ಹಿಡಿದ ಸಂಸಾರಕ್ಕೆ. ಗಂಡ ಅಗೆಯಬೇಕು, ಹೆಂಡತಿ ಮಂಕರಿ ಹೊರಬೇಕು, ಮಕ್ಕಳೂ ಸೇರಬೇಕು. ಗುತ್ತಿಗೆ ಹಿಡಿಯಲೆಂದು ದರ ಇಳಿಸಿ ಟೆಂಡರ್ ಹಾಕಿದವನು ಆ ಇಳಿಸಿದ್ದನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆ? ಕಬ್ಬಿಣದ ಬೆಲೆ ಅವನ ಕೈಯಲ್ಲಿಲ್ಲ, ಮರದ ಬೆಲೆಯೂ ಇಲ್ಲ. ಕೂಲಿ ಮಾತ್ರ ಇದೆ. ದಕ್ಷಿಣದಲ್ಲಿ ಈ ಕೆಲಸಕ್ಕೆ ಹೆಸರಾದವರು ಈಗ ಬೋವಿಗಳೆಂದು ಕರೆಸಿಕೊಳ್ಳುವ, ಅಂದು ಕಲ್ಲು ವಡ್ಡರು, ಮಣ್ಣು ವಡ್ಡರು ಎನಿಸಿಕೊಂಡಿದ್ದ ಜನ. ಕೆರೆ ಕಟ್ಟಿದವರೂ ಅವರೇ, ರೈಲಿನ ಏರಿ ಹಾಕಿದವರೂ ಅವರೇ. ನಮ್ಮ ನಾಡಿನ ಯಾವ ಸ್ಟೇಷನ್ನಿನ ಶಿಲಾಫಲಕದಲ್ಲಾದರೂ ಅವರ ಹೆಸರಿದ್ದದ್ದನ್ನು ನಾನು ಕಂಡಿಲ್ಲ.

1869ರ ಹೊತ್ತಿಗೆ ವೈಸ್‌ರಾಯ್ ಲಾರೆನ್ಸ್‌ಗೆ ಈ ಖಾತರಿಯ ಕಥೆ ಸಾಕಾಗಿತ್ತು. ಸರ್ಕಾರವೇ ಸಾಲ ಎತ್ತಿ ರೈಲು ಕಟ್ಟಲಿ ಎಂಬ ನೀತಿ ಬಂತು. ಆಮೇಲೆ ಬಂದ ಮೇಯೋನ ಕಾಲದಲ್ಲಿ ಖರ್ಚು ಇಳಿಸಲು ಮೀಟರ್ ಗೇಜ್ ಬಂತು. ದೊಡ್ಡ ಇಂಗ್ಲಿಷ್ ಗುತ್ತಿಗೆದಾರನ ಬದಲು ಕೆಲಸವನ್ನು ತುಂಡು ತುಂಡು ಮಾಡಿ, ಸಾವಿರ ಘನ ಅಡಿಗೆ ಇಷ್ಟು ಎಂದು ದರ ಕಟ್ಟಿ ಸಣ್ಣ ಗುತ್ತಿಗೆದಾರರಿಗೆ ಹಂಚುವ ಕ್ರಮ ಬೆಳೆಯಿತು. ನಮ್ಮವರು ಗುತ್ತಿಗೆಯಲ್ಲಿ ತಲೆಯೆತ್ತಲು ಇದೊಂದು ದಾರಿಯಾಯಿತು. ಬೆಂಗಳೂರಿನ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಅದಕ್ಕೂ ಮುಂಚಿನವರು. ಗಳಿಸಿದ್ದರಲ್ಲಿ 1873ರಲ್ಲಿ ಶಾಲೆ ತೆರೆದರು. ಗುತ್ತಿಗೆದಾರ ಎಂದ ಕೂಡಲೇ ಕಳ್ಳ ಎಂದು ಬಗೆಯುವವರು ಇಂಥವರನ್ನೂ ನೆನೆಯಬೇಕು.

ಬೆಂಗಳೂರು–ಮೈಸೂರು ರೈಲು ಈ ಸರ್ಕಾರಿ ಕಾಲದ ಕೂಸು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ಮೈಸೂರು ಸಂಸ್ಥಾನದ ಬೆನ್ನೆಲುಬು ಮುರಿಯಿತು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಕೆಲಸ ಕೊಡಬೇಕೆಂದು ಈ ಮಾರ್ಗದ ಮಣ್ಣಿನ ಕೆಲಸ ಹಿಡಿದರು. ಬರಗಾಲದ ಏರಿಗೆ ಟೆಂಡರ್ ಹಾಕುವವರ ಪೈಪೋಟಿ ಬೇಕಿರಲಿಲ್ಲ, ಹೊಟ್ಟೆಯೇ ಜನರನ್ನು ಎಳೆದು ತಂದಿತು. 1881ರಲ್ಲಿ ಚನ್ನಪಟ್ಟಣದವರೆಗೆ, 1882ರಲ್ಲಿ ಮೈಸೂರಿನವರೆಗೆ ರೈಲು ಓಡಿತು. ಇವತ್ತು ಆ ದಾರಿಯಲ್ಲಿ ಕಿಟಕಿಯ ಪಕ್ಕ ಕೂತು ಹೋಗುವಾಗ ಮಂಡ್ಯದ ಗದ್ದೆಗಳ ನಡುವೆ ಎತ್ತರದ ಏರಿ ಬಂದರೆ ನನಗೆ ಆ ಜನರ ನೆನಪಾಗುತ್ತದೆ.

ರಾಜ್ಯಕ್ಕೆ ಮುಂದಿನ ಹಾದಿ ಸುಲಭವಿರಲಿಲ್ಲ. 1881ರಲ್ಲಿ ಒಡೆಯರಿಗೆ ಆಡಳಿತ ಮರಳಿದಾಗ ಬರದ ಸಾಲವೇ ಎಂಬತ್ತು ಲಕ್ಷ ರೂಪಾಯಿ ತಲೆಯ ಮೇಲಿತ್ತು. ದಿವಾನ್ ರಂಗಾಚಾರ್ಲು ಅದರ ನಡುವೆಯೂ ಊರಿನವರಿಂದಲೇ ಸಾಲ ಎತ್ತಿ ಹಳಿ ಮುಂದುವರಿಸಲು ಹೊರಟರು. 1886ರಲ್ಲಿ ಮುಂದಿನ ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿಯೊಂದಿಗೆ ಒಪ್ಪಂದವಾಯಿತು. ಮಾರ್ಗವನ್ನು ಕಂಪನಿಗೆ ಒಪ್ಪಿಸುವುದು, ಅದರ ಆಧಾರದ ಮೇಲೆ ಲಂಡನ್ನಿನಲ್ಲಿ ಸಾಲ ಎತ್ತುವುದು, ಹರಿಹರದವರೆಗೆ ಹಳಿ ಹಾಕಿಸುವುದು. ಹಳಿ ಬಂತು, ನಿಜ. ಆದರೆ ತನ್ನ ಮಾರ್ಗವನ್ನು ತಾನೇ ನಡೆಸುವ ಅಧಿಕಾರ ರಾಜ್ಯದ ಕೈತಪ್ಪಿತು. ಮೈಸೂರು–ಬೆಂಗಳೂರು ಮಾರ್ಗ 1919ರಲ್ಲಿ, ಹರಿಹರದ ಮಾರ್ಗ 1938ರಲ್ಲಿ ಸಂಸ್ಥಾನದ ಕೈಗೆ ಮರಳಿದವು. ಒಂದು ಕರಾರಿಗೆ ಸಹಿ ಹಾಕಿದ್ದರ ಫಲವನ್ನು ಮೂರು ತಲೆಮಾರು ಉಂಡವು. ಶೇಷಾದ್ರಿ ಅಯ್ಯರರನ್ನು ನಾನು ದೂರುವುದಿಲ್ಲ. ಬರದಿಂದ ಸೊರಗಿದ ನಾಡಿಗೆ ಧಾನ್ಯ ಸಾಗಿಸುವ ದಾರಿ ಬೇಕಿತ್ತು, ಖಜಾನೆ ಖಾಲಿಯಿತ್ತು.

ನಮ್ಮ ಕೊಳ್ಳೇಗಾಲ ಆಗ ಮೈಸೂರಿನದಲ್ಲ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಾಗೀರು, ಮೈಸೂರಿಗೆ ಸೇರಿದ್ದು. ಎರಡು ಸರ್ಕಾರಗಳ ಗಡಿಯಲ್ಲಿ ಸಿಕ್ಕಿದ ಈ ಸೀಮೆಗೆ ರೈಲು ತರುವ ಹೊಣೆ ಯಾರದೂ ಆಗಲಿಲ್ಲ. ನಂಜನಗೂಡಿನಿಂದ ಈರೋಡಿಗೆ ಹಳಿ ಎಳೆಯುವ ಪ್ರಸ್ತಾಪ ಸಂಸ್ಥಾನದ ಕಾಲದಲ್ಲೇ ಇತ್ತು. ಹಳಿ 1926ರಲ್ಲಿ ಚಾಮರಾಜನಗರದವರೆಗೆ ಬಂದು ನಿಂತಿತು.

ಆ ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳ್ಯದಿಂದ ಹೊರಟ ನೀಲಗಿರಿ ರೈಲನ್ನು ಪ್ರವಾಸಿಗಳು ಈಗ ಮೆಚ್ಚಿ ನೋಡುತ್ತಾರೆ. ಅದರ ಹಿಂದೆಯೂ ಇದೇ ಲೆಕ್ಕದ ಕಥೆ. 1885ರಲ್ಲಿ ಕಂಪನಿ ಕಟ್ಟಿದರು, 1891ರಲ್ಲಿ ಕೆಲಸ ಶುರುವಾಯಿತು, 1894ರಲ್ಲಿ ಕಂಪನಿ ದಿವಾಳಿಯೆದ್ದಿತು. ಇನ್ನೊಂದು ಕಂಪನಿ ಅದನ್ನು ಕೊಂಡು 1899ರಲ್ಲಿ ಕೂನೂರಿಗೆ ರೈಲು ತಂದಿತು. 1903ರಲ್ಲಿ ಸರ್ಕಾರ ಮೂವತ್ತೈದು ಲಕ್ಷ ಕೊಟ್ಟು ಕೊಂಡು, ಊಟಿಯವರೆಗಿನ ಕೊನೆಯ ತುಂಡನ್ನು 1908ರಲ್ಲಿ ತಾನೇ ಮುಗಿಸಿತು. ಇಲ್ಲಿ ಮೊದಲ ನಷ್ಟ ಷೇರುದಾರರ ತಲೆಗೆ ಬಿತ್ತು ಎನ್ನುವುದು ಗಮನಿಸಬೇಕಾದ್ದು.

ಮುಳ್ಳೂರಿಗೆ ಹತ್ತಿರದಲ್ಲೇ ಇದಕ್ಕೆಲ್ಲ ಬೇರೆಯಾದ ಒಂದು ಕೆಲಸವಿದೆ. ಶಿವನಸಮುದ್ರದ ಹಳೆಯ ಕಲ್ಲು ಸೇತುವೆಗಳು. ನಮ್ಮ ನಾಡಿಗೆ ರೈಲು ಬರುವ ಮುಂಚಿನ ಕಾಲದವು. ತಿರುಚಿನಾಪಳ್ಳಿಯ ರಾಮಸ್ವಾಮಿ ಮುದಲಿಯಾರ್ ಎಂಬವರು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಆಪ್ತ ನೌಕರರಾಗಿದ್ದವರು. ಕಾಡು ಬೆಳೆದು ಹಾಳುಬಿದ್ದಿದ್ದ ದ್ವೀಪವನ್ನು ಹಸನು ಮಾಡಿಸಿ, ಗುಡಿಗಳನ್ನು ರಿಪೇರಿ ಮಾಡಿಸಿ, ಕಾವೇರಿಯ ಎರಡು ಕವಲಿಗೂ ಸೇತುವೆ ಕಟ್ಟಿಸಿದರು. ಬಂದವರಿಗೆ ಇಳಿದುಕೊಳ್ಳಲು ಬಂಗಲೆಯನ್ನೂ ಮಾಡಿದರು. ಆಮೇಲೆ ಮೈಸೂರು ಸರ್ಕಾರವೂ ಬ್ರಿಟಿಷ್ ಸರ್ಕಾರವೂ ಅವರಿಗೆ ಜಾಗೀರು ಹಳ್ಳಿಗಳನ್ನೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದನ್ನೂ ಕೊಟ್ಟವು. ಮೊದಲು ತನ್ನ ಕೈಯಿಂದ ಹಾಕಿ, ಸೇತುವೆ ನಿಂತ ಮೇಲೆ ಪ್ರತಿಫಲ ಪಡೆದ ಮನುಷ್ಯ. ಜಾಗೀರಿನ ಹಳ್ಳಿಗಳ ರೈತರೇ ಆ ಪ್ರತಿಫಲವನ್ನು ತೆತ್ತರು ಎಂಬುದನ್ನೂ ಮರೆಯಬಾರದು. ಆದರೂ ಕಲ್ಲಿನ ಕಂಬಗಳ ಆ ಸೇತುವೆ ಸುಮಾರು ಇನ್ನೂರು ವರ್ಷ ಗಾಡಿ, ಬಸ್ಸು, ಜನರನ್ನು ದಾಟಿಸಿತು. 2018ರ ಪ್ರವಾಹದಲ್ಲಿ, ಆ ಸೇತುವೆಗಳಲ್ಲೊಂದಾದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋದಾಗ ನಮ್ಮ ಕಡೆಯ ಜನ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿದರು.

ಈಗ ನಮ್ಮ ಮಾರ್ಗದ ಮಾತಿಗೆ ಬರುತ್ತೇನೆ. ಹೆಜ್ಜಾಲ–ಚಾಮರಾಜನಗರ ಯೋಜನೆ ಮಂಜೂರಾದಂದಿನಿಂದ ಭೂಸ್ವಾಧೀನವೆಂದೂ, ಹಣವೆಂದೂ, ರಾಜ್ಯ–ಕೇಂದ್ರದ ಪಾಲೆಂದೂ ತಡವಾಗುತ್ತಲೇ ಬಂದಿದೆ. ತಡವಾದಷ್ಟೂ ಅಂದಾಜು ಏರುತ್ತದೆ, ಏರಿದಷ್ಟೂ ಲಾಭವಿಲ್ಲ ಎಂಬ ಮಾತು ಬಲವಾಗುತ್ತದೆ. ಮುಂದೆ ಟೆಂಡರ್ ಕರೆದ ದಿನ ಪತ್ರಿಕೆಗಳಲ್ಲಿ ಎಷ್ಟು ಕೋಟಿ ಎಂಬುದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ನಾವು ಓದಬೇಕಾದದ್ದು ಅದರ ಕೆಳಗಿನ ಷರತ್ತುಗಳನ್ನು.

ಮೊದಲನೆಯದು ಕೂಲಿ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೆಲಸ ಕೊಟ್ಟ ಮೂಲ ಮಾಲೀಕನೇ ಅದನ್ನು ಕೊಟ್ಟು, ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಬರೆದರು. ಭೋರ್ ಘಾಟಿನಲ್ಲಿ ಬಟವಾಡೆಗಾಗಿ ಜನ ದಂಗೆಯೆದ್ದು 111 ವರ್ಷ ಕಳೆದ ಮೇಲೆ ಬಂದ ಸಾಲು ಅದು. ಕಾಗದದಲ್ಲಿರುವುದು ಹಳಿಯ ಪಕ್ಕದ ಗುಡಿಸಲಿಗೆ ತಲುಪುತ್ತದೆಯೇ ಎಂದು ನೋಡಿಕೊಳ್ಳುವವರು ಬೇಕು. ಈಗ ಅಗೆಯಲು ಜೆಸಿಬಿ ಬಂದಿದೆ. ಆದರೆ ಕಬ್ಬಿಣ ಕಟ್ಟುವವರು, ಜಲ್ಲಿ ಹೊರುವವರು ದೂರದ ರಾಜ್ಯಗಳಿಂದ ಬಂದವರು, ಭಾಷೆ ಬಾರದವರು. ಮೇಸ್ತ್ರಿ ಹೇಳಿದ್ದೇ ಅವರಿಗೆ ಲೆಕ್ಕ.

ಎರಡನೆಯದು ನಮ್ಮ ಊರುಗಳಿಗೆ ಪ್ರಾಣದ ಪ್ರಶ್ನೆ. 2018, 2019ರಲ್ಲಿ ಕಾವೇರಿ ಉಕ್ಕಿದಾಗ ಮುಳ್ಳೂರು, ದಾಸನಪುರ, ಹರಳೆ, ಹಳೇ ಅಣಗಳ್ಳಿ, ಹಳೇ ಹಂಪಾಪುರದವರು ಎಷ್ಟು ಕಷ್ಟಪಟ್ಟರೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಗದ್ದೆ ಮುಳುಗಿತು, ಮನೆ ಬಿಟ್ಟು ಹೊರಟರು. ಮಳವಳ್ಳಿ ಕಡೆಯಿಂದ ಕೊಳ್ಳೇಗಾಲಕ್ಕೆ ಬರುವ ಹಳಿ ಕಾವೇರಿಯನ್ನು ದಾಟಲೇಬೇಕು. ನದಿಬಯಲಿನಲ್ಲಿ ಎತ್ತರದ ಏರಿ ಹಾಕಿದರೆ ಅದು ಅಡ್ಡಗಟ್ಟೆಯಾಗಿ ನಿಲ್ಲುತ್ತದೆ. ಬ್ರಿಟಿಷರ ಕಾಲದ ಬಂಗಾಳದಲ್ಲಿ ಹೀಗೆಯೇ ರೈಲಿನ ಏರಿಗಳು ನೆರೆನೀರಿನ ಹಾದಿ ಕಟ್ಟಿದವು. ನೀರು ನಿಂತಲ್ಲಿ ಮಲೇರಿಯಾ ಹಬ್ಬಿತು ಎಂದು ಅಲ್ಲಿನ ಆರೋಗ್ಯಾಧಿಕಾರಿ ಬೆಂಟ್ಲಿ 1920ರ ದಶಕದಲ್ಲಿ ಪುಸ್ತಕವನ್ನೇ ಬರೆದರು. ನೀರು ಹಾಯಲು ಎಷ್ಟು ಮೋರಿ, ಒಂದೊಂದರ ಕಂಡಿ ಎಷ್ಟು ಅಗಲ ಎಂಬುದು ನಕ್ಷೆಯಲ್ಲಿ ಕೈಬೆರಳಿನಷ್ಟು ಜಾಗದ ವಿಷಯ. ಖರ್ಚು ಇಳಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. ಆ ಉಳಿತಾಯ ಗುತ್ತಿಗೆದಾರನ ಲೆಕ್ಕಕ್ಕೂ ಇಲಾಖೆಯ ಲೆಕ್ಕಕ್ಕೂ ಜಮೆಯಾಗುತ್ತದೆ. ನಷ್ಟ ಯಾವ ಪುಸ್ತಕದಲ್ಲೂ ಕಾಣದೆ ಮುಳ್ಳೂರಿನ ಗದ್ದೆಯಲ್ಲಿ ನಿಲ್ಲುತ್ತದೆ.

ಹಳಿ ಹಾಯುವ ಜಾಡು ಗೊತ್ತಾಗುವ ಮೊದಲೇ, ಟೆಂಡರಿನ ಲಕೋಟೆ ತೆರೆಯುವುದಕ್ಕೂ ಮೊದಲೇ, 2018 ಮತ್ತು 2019ರಲ್ಲಿ ನೀರು ಎಲ್ಲೆಲ್ಲಿಯವರೆಗೆ ಏರಿತ್ತೆಂದು ಈ ಊರುಗಳಲ್ಲಿ ಗುರುತು ಹಾಕಬೇಕು. ಮನೆಮನೆಯಲ್ಲೂ ಗೋಡೆಯ ಕಲೆ ತೋರಿಸಲು ಜನರಿದ್ದಾರೆ. ಆ ಮಟ್ಟಕ್ಕೆ ತಕ್ಕ ಮೋರಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಡಬೇಕು. ಆ ಪಟ್ಟಿಯನ್ನು ಬದಲಾಯಿಸುವಂತಿಲ್ಲ ಎಂಬ ಷರತ್ತು ಟೆಂಡರಿನಲ್ಲೇ ಇರಬೇಕು. ರೈಲಿಗಾಗಿ ಇಷ್ಟು ವರ್ಷ ಕಾದಿರುವ ನಾವು ಇದನ್ನು ಕೇಳುವುದರಿಂದ ಕೆಲಸ ಇನ್ನಷ್ಟು ತಡವಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ, ಮೋರಿ ಮೊದಲು, ಏರಿ ಆಮೇಲೆ ಎಂದು ನಮ್ಮ ಗ್ರಾಮ ಪಂಚಾಯಿತಿ ಠರಾವು ಬರೆದು ಕಳಿಸಲಿ.